ಗೃಹಸ್ಥರ ಪುಟ: ಹಳೆಯ ಕಾರಿನ ಒಡಲು

ಈ ಪುಟಕ್ಕೆ ಬರುವ ಕಾಗದಗಳಲ್ಲಿ ಹಳೆಯ ಕಾರುಗಳ ವಿಷಯವು ಇತ್ತೀಚೆಗೆ ಹೆಚ್ಚಾಗಿದೆ. ಎಂಜಿನ್ನು ಹೊಗೆಯುಗುಳುವುದು, ಗೇರು ಸರಿಯಾಗಿ ಬೀಳದಿರುವುದು ಮುಂತಾದ ದೂರುಗಳಿಗೆ ಊರೂರಿನಲ್ಲಿಯೂ ಗ್ಯಾರೇಜುಗಳುಂಟು; ಅವುಗಳಿಗಾಗಿ ಯಾರೂ ನಮಗೆ ಬರೆಯುವುದಿಲ್ಲ. ಬರೆಯುವವರೆಲ್ಲರೂ ಕಾರಿನ ಮೈಯ ವಿಷಯವಾಗಿಯೇ ಬರೆಯುತ್ತಾರೆ. ಒಬ್ಬರ ಕಾರಿನಲ್ಲಿ ಮಳೆಗಾಲ ಬಂದೊಡನೆ ಚಾಲಕನ ಕಾಲಡಿಯ ಹಾಸು ನೆನೆದು ಮುಗ್ಗಲು ವಾಸನೆ ಏಳುವುದಂತೆ. ಮತ್ತೊಬ್ಬರದರ ಮುಂಬಾಗಿಲನ್ನು ಎತ್ತಿ ಹಿಡಿದು ತಳ್ಳಿದ ಹೊರತು ಮುಚ್ಚದಂತೆ. ಮೈಸೂರಿನ ಕಡೆಯ ಗೃಹಸ್ಥರೊಬ್ಬರು ಗಾಲಿ ಬದಲಿಸಲೆಂದು ಜಾಕಿ ಕೊಟ್ಟಾಗ, ಕಾರು ಮೇಲೇಳುವುದರ ಬದಲು ಜಾಕಿಯ ತಲೆಯೇ ತಗಡನ್ನು ಹರಿದುಕೊಂಡು ಒಳಕ್ಕೆ ಹೋಯಿತೆಂದು ಬರೆದಿರುವರು.

ಇವೆಲ್ಲವುಗಳಲ್ಲಿ ಉಡುಪಿಯ ಕಡೆಯ ವಾಚಕರೊಬ್ಬರ ಕಾಗದವು ನಮ್ಮನ್ನು ಹೆಚ್ಚಾಗಿ ಯೋಚನೆಗೆ ಹಚ್ಚಿತು. ಅವರದು ೨೦೦೫ನೆಯ ಇಸವಿಯ ಮಾರುತಿ ೮೦೦. ೨೦೨೦ರಲ್ಲಿ ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ಒಮ್ಮೆ ನವೀಕರಿಸಿಕೊಂಡರು. ಆ ಐದು ವರ್ಷಗಳ ಅವಧಿಯೂ ತೀರಿತು. ಎಂಜಿನ್ನು ಈಗಲೂ ಹೊಲಿಗೆಯಂತ್ರದಂತೆ ಓಡುತ್ತದೆ. ಆದರೆ ಚಾಲಕನ ಬದಿಯ ಬಾಗಿಲ ಕೆಳಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಹಪ್ಪಳ ಮುರಿದಂತೆ ಸದ್ದಾಗುತ್ತದೆ, ಬಾಗಿಲು ಜೋಲುತ್ತದೆ. ಒಂದು ಗ್ಯಾರೇಜಿನವರು ಪುಟ್ಟಿ ಹಾಕಿ ಬಣ್ಣ ಹೊಡೆದು ಹೊಸದರಂತೆ ಮಾಡಿಕೊಡುವೆವೆಂದರಂತೆ. ಇನ್ನೊಂದು ಕಡೆ ಕಾರಿನ ಅಡಿಗೆ ದೀಪ ಹಿಡಿದು ನೋಡಿ ಮಾತಾಡದೆ ಕೈಯಾಡಿಸಿಬಿಟ್ಟರಂತೆ. ವೃದ್ಧರಾದ ತಾಯಿಯವರನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಈ ಕಾರೇ ಆಧಾರ. ಯಾರ ಮಾತನ್ನು ನಂಬುವುದೆಂದು ಅವರು ಕೇಳಿರುವರು.

ಪ್ರಶ್ನೆಗೆ ಉತ್ತರ ಹೇಳುವ ಮೊದಲು ಕಾರಿನ ಮೈ ಎಂದರೇನೆಂಬುದನ್ನು ಸ್ವಲ್ಪ ವಿಚಾರ ಮಾಡಬೇಕು. ನಮ್ಮಲ್ಲಿ ಬಹುಮಂದಿ ಕಾರಿನ ಮೈಯನ್ನು ಮನುಷ್ಯನ ಅಂಗಿಯಂತೆ ತಿಳಿದಿರುತ್ತಾರೆ. ಅಂಗಿ ಹರಿದರೆ ತೇಪೆ ಹಾಕಬಹುದು, ಒಳಗಿನ ದೇಹಕ್ಕೆ ಬಾಧೆಯಿಲ್ಲವೆಂದು ಅವರ ಭಾವನೆ. ಲಾರಿಯ ವಿಷಯದಲ್ಲಿ ಈ ಭಾವನೆ ಸರಿಯೇ. ಅದರ ಅಡಿಯಲ್ಲಿ ಎರಡು ಉದ್ದನೆಯ ಉಕ್ಕಿನ ತೊಲೆಗಳುಂಟು. ಅವುಗಳಿಗೆ ಅಡ್ಡಪಟ್ಟಿಗಳನ್ನು ಜೋಡಿಸಿ ಏಣಿಯಂತೆ ಮಾಡಿರುತ್ತಾರೆ. ಎಂಜಿನ್ನು, ಅಚ್ಚು, ಗಾಲಿಗಳೆಲ್ಲ ಆ ಏಣಿಗೆ ಅಂಟಿಕೊಂಡಿರುವವು. ಇದನ್ನೇ ಚಾಸಿ ಎನ್ನುವುದು. ಮೇಲಿನ ಡಬ್ಬಿಯನ್ನು ಕಳಚಿ ತೆಗೆದರೂ ಲಾರಿ ಓಡೀತು. ಮೊದಮೊದಲಿನ ಕಾರುಗಳೂ ಹೀಗೆಯೇ ಇದ್ದವು.

೧೯೨೨ರಲ್ಲಿ ಇಟಲಿಯ ಲ್ಯಾನ್ಸಿಯಾ ಸಂಸ್ಥೆಯು ಲಾಂಬ್ಡಾ ಎಂಬ ಕಾರನ್ನು ಪ್ರದರ್ಶಿಸಿತು. ಅದರಲ್ಲಿ ಪ್ರತ್ಯೇಕವಾದ ಚಾಸಿಯೇ ಇರಲಿಲ್ಲ, ಮೈಯೇ ಚಾಸಿ. ೧೯೩೪ರಲ್ಲಿ ಫ್ರಾನ್ಸಿನ ಸಿತ್ರೋಎನ್ ಸಂಸ್ಥೆಯು ಇದೇ ಕ್ರಮದಲ್ಲಿ ಕಾರುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ತೆಳುವಾದ ತಗಡುಗಳನ್ನು ಬಗ್ಗಿಸಿ, ಪೆಟ್ಟಿಗೆಯಂತೆ ಮಡಿಸಿ, ನೂರಾರು ಕಡೆ ಬೆಸುಗೆಯ ಚುಕ್ಕೆಗಳನ್ನಿಟ್ಟು ಕೂಡಿಸಿದರೆ ಆ ಪೆಟ್ಟಿಗೆಗೇ ತೊಲೆಯ ಬಲ ಬರುವುದು. ಬೆಂಕಿಪೊಟ್ಟಣದ ರಟ್ಟು ಬಿಡಿಯಾಗಿದ್ದಾಗ ಎಷ್ಟು ದುರ್ಬಲವೋ, ಪೊಟ್ಟಣವಾದಾಗ ಅಷ್ಟು ಗಟ್ಟಿಯಾಗುವುದಿಲ್ಲವೇ? ತೂಕ ಕಡಿಮೆ, ಲೋಹ ಕಡಿಮೆ, ಬೆಲೆಯೂ ಕಡಿಮೆ. ಲೋಕದ ಸಾಮಾನ್ಯ ಕಾರುಗಳೆಲ್ಲ ಕ್ರಮೇಣ ಈ ದಾರಿಯನ್ನೇ ಹಿಡಿದವು. ನಮ್ಮ ದೇಶದ ಮನೆಗಳ ಮುಂದೆ ನಿಂತ ಮೂರು ಹೆಸರಾಂತ ಕಾರುಗಳೂ ಇದೇ ಜಾತಿಯವು. ೧೯೫೭ರಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್, ಮೊದಲು ಫಿಯೆಟ್ ಎಂಬ ಹೆಸರಿನಿಂದ ಬಂದ ಪ್ರೀಮಿಯರ್ ಪದ್ಮಿನಿ, ೧೯೮೩ರ ಡಿಸೆಂಬರಿನಿಂದ ೨೦೧೪ರ ಜನವರಿಯವರೆಗೆ ತಯಾರಾದ ಮಾರುತಿ ೮೦೦. ಅಂಬಾಸಡರಿನ ಠೀವಿಯನ್ನು ಕಂಡು ಅದಕ್ಕೆ ಲಾರಿಯಂತೆ ಚಾಸಿ ಇದೆಯೆಂದು ವಾದಿಸುವವರನ್ನು ನಾವು ಕಂಡಿದ್ದೇವೆ. ಇಲ್ಲ. ಅದರ ತಗಡು ದಪ್ಪ, ಅಷ್ಟೇ.

ಮನೆಯ ದೃಷ್ಟಾಂತದಿಂದ ಹೇಳುವುದಾದರೆ, ಈಗಿನ ಕಾಂಕ್ರೀಟಿನ ಮನೆಗಳಲ್ಲಿ ಭಾರವನ್ನು ಹೊರುವುವು ಕಂಬಗಳು. ನಡುವಣ ಗೋಡೆಯೊಂದನ್ನು ಒಡೆದರೆ ಮನೆ ಬೀಳದು. ಹಳೆಯ ಮಣ್ಣುಗೋಡೆಯ ಮನೆಯಲ್ಲಿ ಹಾಗಲ್ಲ; ಗೋಡೆಯೇ ಮಾಡನ್ನು ಹೊತ್ತಿರುವುದು. ಗೆದ್ದಲು ತಿಂದು ಟೊಳ್ಳಾದ ಗೋಡೆಗೆ ಮೇಲಿನಿಂದ ಸುಣ್ಣ ಸಾರಿಸಿ ನೆಂಟರನ್ನು ಒಳಗೆ ಮಲಗಿಸುವ ಗೃಹಸ್ಥನಾರು? ಕಾರಿನ ವಿಷಯದಲ್ಲಿ ಮಾತ್ರ ಅದನ್ನೇ ಮಾಡುತ್ತಿದ್ದೇವೆ.

ಇನ್ನು ತುಕ್ಕಿನ ಸಂಗತಿ. ಕಬ್ಬಿಣವು ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ಉಪ್ಪು ಸೇರಿದರೆ ಕೆಲಸ ಬಲು ಬೇಗ ನಡೆಯುವುದು. ನಮ್ಮ ಕರಾವಳಿಯಲ್ಲಿ ಈ ಮೂರಕ್ಕೂ ಬರವಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ೩೫೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು. ಮಳೆಯಿಲ್ಲದ ತಿಂಗಳುಗಳಲ್ಲಿ ಕಡಲ ಗಾಳಿ ಉಪ್ಪನ್ನು ಹೊತ್ತು ತರುವುದು. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷ ನಿಂತ ಕಾರಿನ ಅಡಿಗೂ, ಮಲ್ಪೆಯಲ್ಲಿ ಹತ್ತು ವರ್ಷ ನಿಂತ ಕಾರಿನ ಅಡಿಗೂ ಅಜಗಜಾಂತರ. ಹಳೆಯ ಕಾರನ್ನು ಕೊಳ್ಳುವವರು ಎಷ್ಟು ಕಿಲೋಮೀಟರು ಓಡಿದೆಯೆಂದು ಕೇಳುವುದುಂಟು. ಎಷ್ಟು ಮಳೆಗಾಲಗಳನ್ನು ಎಲ್ಲಿ ಕಳೆದಿದೆಯೆಂದು ಕೇಳುವುದೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯ.

ಹೊರಗಡೆ ಕಾಣುವ ತುಕ್ಕಿಗೆ ನಾವು ಅಷ್ಟಾಗಿ ಹೆದರಬೇಕಾದುದಿಲ್ಲ. ಬಾನೆಟ್ಟಿನ ಅಂಚು, ಡಿಕ್ಕಿಯ ಬಾಗಿಲ ಕೆಳತುದಿ, ಬೋಲ್ಟಿನಿಂದ ಕಳಚಬಹುದಾದ ಮುಂದಿನ ಮಡ್‌ಗಾರ್ಡು ಇವುಗಳಲ್ಲಿ ತೂತಾದರೆ ಕಣ್ಣಿಗೆ ಹಿತವಿಲ್ಲ, ಪ್ರಾಣಕ್ಕೆ ಭಯವಿಲ್ಲ. ಭಯವಿರುವುದು ಮುಚ್ಚಿದ ಪೆಟ್ಟಿಗೆಗಳೊಳಗೆ. ಬಾಗಿಲುಗಳ ಕೆಳಗೆ ಮುಂಗಾಲಿಯಿಂದ ಹಿಂಗಾಲಿಯವರೆಗೆ ಹೋಗುವ ಪಟ್ಟಿಯನ್ನು ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎನ್ನುವರು. ಹತ್ತುವಾಗ ಕಾಲು ತಾಗುವ ಈ ಭಾಗವು ಸುಮ್ಮನೆ ಒಂದು ಅಂಚೆಂದು ತೋರುವುದು. ವಾಸ್ತವದಲ್ಲಿ ಅದು ಒಳಗೊಂದು ಹೊರಗೊಂದು ತಗಡಿನಿಂದಾದ ಟೊಳ್ಳು ತೊಲೆ. ಲಾರಿಯಲ್ಲಿ ಚಾಸಿಯ ತೊಲೆ ಮಾಡುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಮಾಡುವುದು ಇದೇ. ಬಾಗಿಲ ಕಂಬಗಳು ಇದರ ಮೇಲೆಯೇ ನಿಂತಿವೆ. ಕಾಲಡಿಯ ನೆಲದ ತಗಡು ಇದಕ್ಕೇ ಬೆಸೆದಿದೆ.

ಈ ಟೊಳ್ಳಿನೊಳಕ್ಕೆ ನೀರು ಹೋಗುವುದು ಹೇಗೆ? ತಯಾರಕರೇ ಅದರ ಅಡಿಯಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಒಳಗೆ ಸೇರಿದ ನೀರು ಹೊರಗೆ ಹೋಗಲೆಂದು. ಕೆಸರು ಮೆತ್ತಿ ಆ ತೂತುಗಳು ಮುಚ್ಚಿದ ದಿನದಿಂದ ತೊಲೆಯು ತೊಟ್ಟಿಯಾಗುವುದು. ತಗಡಿನ ಮೇಲೆ ತಗಡು ಬಂದು ಬೆಸುಗೆಯಾದ ಸಂದುಗಳಲ್ಲಿ ಬಣ್ಣ ಇಳಿದಿರುವುದಿಲ್ಲ, ತೇವವು ಇಳಿಯುವುದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಜಾಗವನ್ನು ಆಕ್ರಮಿಸುವುದರಿಂದ, ಸಂದಿನ ಎರಡು ತಗಡುಗಳನ್ನೂ ಆಪು ಬಡಿದಂತೆ ಅಗಲಿಸುತ್ತ ಹೋಗುವುದು; ಬೆಸುಗೆಯ ಚುಕ್ಕೆಗಳು ಒಂದೊಂದಾಗಿ ಬಿಡುವುವು. ತಗಡಿನ ದಪ್ಪವಾದರೋ ಹೊರಮೈಯಲ್ಲಿ ಒಂದು ಮಿಲಿಮೀಟರಿನಷ್ಟೂ ಇರುವುದಿಲ್ಲ. ಹೊರಗೆ ಬಣ್ಣದ ಮೇಲೆ ಸಾಸಿವೆ ಕಾಳಿನಂತಹ ಗುಳ್ಳೆಯೊಂದು ಏಳುವ ಹೊತ್ತಿಗೆ ಒಳಗಿನಿಂದ ತಗಡು ತೀರಿಹೋಗಿರುವುದೇ ಹೆಚ್ಚು.

ಹಾಸು ನೆನೆಯುವುದೆಂಬ ದೂರನ್ನು ಹಲವರು ಸಣ್ಣದೆಂದು ಬರೆದಿರುವರು. ನಮಗೆ ಹಾಗೆ ತೋರುವುದಿಲ್ಲ. ನೀರು ಬರುವ ದಾರಿಗಳು ಹಲವು. ಮುಂಗಾಜಿನ ಕೆಳಗೆ, ವೈಪರುಗಳ ಬುಡದಲ್ಲಿ ಒಂದು ಕಾಲುವೆಯಂತಹ ತಗ್ಗು ಉಂಟು. ಮಾವಿನ ಮರದಡಿಯೋ ಗುಲ್‌ಮೊಹರಿನ ನೆರಳಿನಲ್ಲೋ ಕಾರನ್ನು ನಿಲ್ಲಿಸುವವರ ಮನೆಯಲ್ಲಿ ಆ ತಗ್ಗಿನ ತುಂಬ ಎಲೆ ಕೊಳೆತು ಗೊಬ್ಬರವಾಗಿರುವುದು. ನೀರು ಪಕ್ಕಕ್ಕೆ ಹರಿದು ಹೋಗಲಾರದೆ ತಗಡನ್ನು ತಿಂದು ಒಳಗೆ ಕಾಲಡಿಗೆ ಇಳಿಯುವುದು. ಗಾಜಿನ ಸುತ್ತಣ ರಬ್ಬರು ಬೀಡಿಂಗು ಗಡುಸಾಗಿ ಬಿರಿದರೂ ಹಾಗೆಯೇ. ಬಾಗಿಲ ಗಾಜಿನ ಮೇಲೆ ಬಿದ್ದ ನೀರು ಬಾಗಿಲ ಒಳಗೇ ಇಳಿಯುವುದು ಸಹಜ. ಬಾಗಿಲ ಅಡಿಯ ತೂತುಗಳಿಂದ ಅದು ಹೊರಗೆ ಹೋಗತಕ್ಕದ್ದು. ತೂತುಗಳು ಕಟ್ಟಿದ್ದರೆ ಬಾಗಿಲು ಅಲುಗಿಸಿದಾಗ ಬಿಂದಿಗೆಯಂತೆ ಕುಲುಕುವುದು. ಇದರ ಮೇಲೆ ನಾವು ಕಾರು ಕೊಂಡ ದಿನವೇ ಹಾಸಿನ ಮೇಲೊಂದು ರಬ್ಬರು ಮ್ಯಾಟು, ಅದರ ಮೇಲೆ ಇನ್ನೊಂದು ಚೆಲುವಾದ ಮ್ಯಾಟು ಹಾಸುತ್ತೇವೆ. ಮೇಲೆ ಒಣಗಿದಂತೆ ಕಾಣುವುದು. ಅಡಿಯ ಹಾಸು ಜೂನಿನಲ್ಲಿ ನೆನೆದದ್ದು ದೀಪಾವಳಿಯಾದರೂ ಆರದು. ನೆಲದ ತಗಡಿಗೆ ಅಷ್ಟು ತಿಂಗಳು ಒದ್ದೆ ಬಟ್ಟೆಯ ಪಟ್ಟು ಹಾಕಿಟ್ಟಂತೆ. ಮುಂಬದಿಯ ಆಸನವನ್ನೂ ಸೀಟ್ ಬೆಲ್ಟಿನ ಕೆಳಗಿನ ಕೊಂಡಿಯನ್ನೂ ಹಿಡಿದಿರುವುದು ಈ ನೆಲ ಮತ್ತು ಅದರ ಪಕ್ಕದ ತೊಲೆಯೆಂಬುದನ್ನು ಮರೆಯಲಾಗದು. ಕೊಂಡಿ ಭದ್ರವಾಗಿದ್ದು ಅದು ಕೂತ ತಗಡು ಹಪ್ಪಳವಾಗಿದ್ದರೆ ಬೆಲ್ಟು ಕಟ್ಟಿಕೊಂಡು ಫಲವೇನು?

ಬಾಗಿಲು ಜೋಲುವುದರಲ್ಲಿ ಎರಡು ಬಗೆ. ಬಾಗಿಲನ್ನು ಅರ್ಧ ತೆರೆದು ಅದರ ತುದಿಯನ್ನು ಎರಡು ಕೈಗಳಿಂದ ಮೆಲ್ಲಗೆ ಎತ್ತಿ ಇಳಿಸಿ ನೋಡಬೇಕು. ಮತ್ತೊಬ್ಬರು ತಿರುಗಣಿಯ ಕಡೆ ಕಣ್ಣಿಡಬೇಕು. ತಿರುಗಣಿಯ ಮೊಳೆ ಮಾತ್ರ ಅಲುಗಿದರೆ ಸವೆದ ಮೊಳೆಯ ದೋಷ. ಅಲ್ಪ ವೆಚ್ಚದಲ್ಲಿ ತೀರುವುದು. ತಿರುಗಣಿಯ ಜೊತೆಗೆ ಅದನ್ನು ಹಿಡಿದ ಕಂಬದ ತಗಡೇ ಉಸಿರಾಡುವಂತೆ ಒಳಹೊರಗಾದರೆ ಕಂಬದ ಬುಡ ಕೊಳೆತಿದೆಯೆಂದು ತಿಳಿಯತಕ್ಕದ್ದು. ಕಾರನ್ನು ಒಂದು ಬದಿಯಿಂದ ಜಾಕಿಯ ಮೇಲೆ ಎತ್ತಿದಾಗ ಸರಿಯಾಗಿದ್ದ ಬಾಗಿಲು ಬಿಗಿಯುವುದಾದರೆ, ಅಥವಾ ಬಾಗಿಲ ಸುತ್ತಣ ಸಂದು ಮೇಲೆ ಕಿರಿದಾಗಿ ಕೆಳಗೆ ಹಿರಿದಾಗುವುದಾದರೆ, ಒಡಲೇ ಬಾಗುತ್ತಿದೆಯೆಂದು ಅರ್ಥ. ಅಂದಹಾಗೆ, ಬರಿಯ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ಯಾರೂ ತಲೆಯಿಡಕೂಡದು. ಅಡಿಯ ತಗಡು ಕೊಳೆತಿರಬಹುದೆಂಬ ಸಂಶಯದಿಂದಲೇ ನೋಡುವ ಕಾರಿನ ಅಡಿಗೆ ಸರ್ವಥಾ ಕೂಡದು. ಗ್ಯಾರೇಜಿನಲ್ಲಿ ಗಾಡಿಯನ್ನು ಮೇಲೆತ್ತುವ ಯಂತ್ರವಿರುವುದು, ಅಲ್ಲಿಯೇ ನೋಡಬೇಕು.

ಅಲ್ಲಿ ನೋಡಬೇಕಾದುದು ಮುಖ್ಯವಾಗಿ ಗಾಲಿಯ ಭಾರ ಒಡಲಿಗೆ ತಾಗುವ ಜಾಗಗಳು. ಮಾರುತಿಯಲ್ಲಿ ಮುಂಗಾಲಿಯ ಸ್ಟ್ರಟ್ಟು ಬಾನೆಟ್ಟಿನ ಒಳಪಕ್ಕದಲ್ಲಿ ಎದ್ದು ನಿಂತ ಒಂದು ಗುಮ್ಮಟಕ್ಕೆ ತಲೆಯೂರಿರುವುದು. ರಸ್ತೆಯ ಪ್ರತಿಯೊಂದು ಹಳ್ಳದ ಪೆಟ್ಟೂ ಆ ಗುಮ್ಮಟಕ್ಕೇ. ಅದರ ಬೋಲ್ಟುಗಳ ಸುತ್ತ ಬಿರುಕೋ ತುಕ್ಕಿನ ಪದರವೋ ಕಂಡರೆ ಆ ಕಾರನ್ನು ಓಡಿಸಬಾರದು. ಅಂಬಾಸಡರ್ ಪದ್ಮಿನಿಗಳಲ್ಲಿ ಹಿಂದಿನ ಅಚ್ಚನ್ನು ಹೊತ್ತ ಕಮಾನು ಪಟ್ಟಿಗಳ ತುದಿಗಳು ಒಡಲಿಗೆ ಸೇರುವಲ್ಲಿ ಇದೇ ಪರೀಕ್ಷೆ ಆಗಬೇಕು. ಬ್ಯಾಟರಿಯ ಅಡಿಯ ತಟ್ಟೆಯನ್ನೂ ನೋಡಬಹುದು; ಆಮ್ಲ ತೊಟ್ಟಿಕ್ಕಿ ತಿಂದಿರುವುದು ಸಾಮಾನ್ಯ.

ಈ ಪರೀಕ್ಷೆಗಳಿಗೆಲ್ಲ ವಿಘ್ನವಾಗಿ ನಿಲ್ಲುವುದು ಪುಟ್ಟಿ. ಪುಟ್ಟಿಯನ್ನು ನಾವು ನಿಂದಿಸುವವರಲ್ಲ. ತಗ್ಗಾದ ಬಾಗಿಲನ್ನು ಬಡಿದು ನೆಟ್ಟಗೆ ಮಾಡಿದ ಮೇಲೆ ಉಳಿದ ಸಣ್ಣ ಏರುತಗ್ಗುಗಳನ್ನು ತುಂಬುವುದಕ್ಕೆ ಹುಟ್ಟಿದ ವಸ್ತು ಅದು. ತೂತಿನ ಹಿಂದೆ ಕಾಗದವನ್ನೋ ತಂತಿಬಲೆಯನ್ನೋ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ ನುಣುಪು ಮಾಡಿ ಬಣ್ಣ ಹೊಡೆದಾಗ ಅದು ಮೋಸವಾಗುವುದು. ಆ ಜಾಗಕ್ಕೆ ಬಲವು ಎಳ್ಳಷ್ಟೂ ಬರುವುದಿಲ್ಲ. ಪುಟ್ಟಿಯು ತೇವವನ್ನು ಹೀರಿ ಹಿಡಿಯುವುದರಿಂದ ಸುತ್ತಣ ತಗಡು ಇನ್ನೂ ಬೇಗ ಹೋಗುವುದು. ಒಂದೆರಡು ಮಳೆಗಾಲದಲ್ಲಿ ಬಣ್ಣ ಮತ್ತೆ ಗುಳ್ಳೆಯೇಳುವ ಹೊತ್ತಿಗೆ ಕಾರು ಬೇರೆ ಮನೆ ಸೇರಿರುತ್ತದೆ. ಮಾರಿದವರ ಉದ್ದೇಶವೂ ಅದೇ. ಅಡಿಗೆ ಬಳಿಯುವ ಡಾಂಬರಿನ ಲೇಪವೂ ಹೀಗೆಯೇ. ಹೊಸ ಕಾರಿಗೆ ಹಾಕಿಸಿದರೆ ಒಳ್ಳೆಯದು. ತುಕ್ಕಿನ ಮೇಲೆ ಹಾಕಿಸಿದರೆ ಒಳಗಿನ ತೇವಕ್ಕೆ ಬೀಗ ಹಾಕಿದಂತಾಗುವುದು. ಇಪ್ಪತ್ತು ವರ್ಷದ ಕಾರಿನ ಅಡಿ ಹೊಸ ಕಪ್ಪು ಲೇಪದಿಂದ ಮಿನುಗುತ್ತಿದ್ದರೆ ಕೊಳ್ಳುವವನು ಸಂತೋಷಪಡುವುದಕ್ಕಿಂತ ಸಂಶಯಪಡುವುದೇ ಉಚಿತ.

ಪುಟ್ಟಿಯ ಗುಟ್ಟನ್ನು ತಿಳಿಯಲು ಮನೆಯಲ್ಲಿಯೇ ಉಪಾಯವುಂಟು. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೊದಲು ಕಾರಿನ ಮಾಡಿಗೆ ತಾಗಿಸಿ, ಅದು ಎಷ್ಟು ಬಲವಾಗಿ ಹಿಡಿಯುವುದೆಂದು ಕೈಗೆ ಅಭ್ಯಾಸ ಮಾಡಿಕೊಳ್ಳಬೇಕು. ಬಳಿಕ ಅದನ್ನು ರನ್ನಿಂಗ್ ಬೋರ್ಡಿನ ಉದ್ದಕ್ಕೂ, ಗಾಲಿಗಳ ಕಮಾನಿನ ಅಂಚಿಗೂ, ಬಾಗಿಲುಗಳ ಕೆಳತುದಿಗೂ ಎಳೆಯುತ್ತ ಹೋಗಬೇಕು. ಎಲ್ಲಿ ಹಿಡಿತ ಸಡಿಲುವುದೋ ಅಲ್ಲಿ ಬಣ್ಣದ ಅಡಿಯಲ್ಲಿರುವುದು ಕಬ್ಬಿಣವಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೂ ತಿಳಿಯುವುದು. ತಗಡು ಕಂಚಿನ ತಟ್ಟೆಯಂತೆ ದನಿಗೊಡುವುದು, ಪುಟ್ಟಿ ಮಣ್ಣಿನ ಹೆಂಟೆಯಂತೆ. ತೆಂಗಿನಕಾಯಿಯನ್ನು ತಟ್ಟಿ ಆರಿಸಬಲ್ಲ ಗೃಹಿಣಿಗೆ ಇದನ್ನು ಕಲಿಸಬೇಕಾದುದಿಲ್ಲ. ಕಾರು ಕೊಳ್ಳಲು ಹೋಗುವಾಗ ಆಕೆಯನ್ನು ಜೊತೆಗೆ ಕರೆದೊಯ್ಯುವುದು ಲಾಭಕರ.

ಇಂತಹ ರೋಗವು ನಮ್ಮ ದೇಶದ್ದು ಮಾತ್ರವೆಂದಾಗಲಿ ಅಗ್ಗದ ಕಾರುಗಳದ್ದು ಮಾತ್ರವೆಂದಾಗಲಿ ತಿಳಿಯಬೇಡಿರಿ. ಚಾಸಿಯಿಲ್ಲದ ಕಾರನ್ನು ಲೋಕಕ್ಕೆ ತೋರಿಸಿದ ಆ ಲ್ಯಾನ್ಸಿಯಾ ಸಂಸ್ಥೆಯೇ ಇದಕ್ಕೆ ದೊಡ್ಡ ದೃಷ್ಟಾಂತ. ೧೯೭೨ರಲ್ಲಿ ಅದು ಬೀಟಾ ಎಂಬ ಕಾರನ್ನು ಹೊರತಂದಿತು. ಚೆಲುವಾದ ಕಾರು, ಬೆಲೆಯೂ ಮೇಲ್ತರಗತಿಯದು. ಬ್ರಿಟನ್ನಿನಲ್ಲಿ ಕೆಲವೇ ವರ್ಷಗಳಲ್ಲಿ ಮಾಲೀಕರಿಂದ ದೂರುಗಳು ಬಂದವು: ಎಂಜಿನ್ನನ್ನು ಹೊತ್ತ ಚೌಕಟ್ಟು ಒಡಲಿಗೆ ಸೇರುವ ಜಾಗವು ತುಕ್ಕಿನಿಂದ ದುರ್ಬಲವಾಗುತ್ತಿದೆ. ೧೯೮೦ರಲ್ಲಿ ಪತ್ರಿಕೆಗಳು ಇದನ್ನು ಎತ್ತಿಕೊಂಡು ದೊಡ್ಡ ಗದ್ದಲವಾಯಿತು. ಸಂಸ್ಥೆಯು ಕೆಟ್ಟ ಕಾರುಗಳನ್ನು ಮಾಲೀಕರಿಂದ ಹಿಂದಕ್ಕೆ ಕೊಂಡು ನಾಶಪಡಿಸಬೇಕಾಯಿತು. ಅಲ್ಲಿ ಹೋದ ಹೆಸರು ಮತ್ತೆ ಮರಳಲಿಲ್ಲ. ೧೯೯೪ರಲ್ಲಿ ಅದು ಬ್ರಿಟನ್ನಿನ ಮಾರುಕಟ್ಟೆಯನ್ನೇ ಬಿಟ್ಟು ಹೋಯಿತು. ಅದೇ ಕಾಲದ ಇಟಲಿಯ ಮತ್ತೊಂದು ಕಾರು ಆಲ್ಫಾಸುದ್. ಅದರ ಟೊಳ್ಳು ತೊಲೆಗಳೊಳಗೆ ತಯಾರಕರು ನೊರೆಯಂತಹ ವಸ್ತುವನ್ನು ತುಂಬಿದ್ದರು. ಆ ನೊರೆಯು ನೀರನ್ನು ಹೀರಿ ಹಿಡಿದು ತೊಲೆಗಳನ್ನು ಒಳಗಿನಿಂದಲೇ ಕೊಳೆಯಿಸಿತು.

ಬ್ರಿಟನ್ನಿನಲ್ಲಿ ೧೯೬೦ರಿಂದ ಹಳೆಯ ಕಾರುಗಳಿಗೆ ಪರೀಕ್ಷೆಯ ಕಟ್ಟಳೆಯುಂಟು. ಅದರ ಈಗಿನ ನಿಯಮಗಳಲ್ಲಿ ನಮ್ಮ ವಾಚಕರಿಗೆ ಉಪಯುಕ್ತವಾದುದೊಂದಿದೆ. ಬೆಲ್ಟಿನ ಕೊಂಡಿ, ಗಾಲಿಯನ್ನು ಹೊತ್ತ ಅಂಗಗಳು, ಸ್ಟಿಯರಿಂಗು ಇವು ಒಡಲಿಗೆ ಸೇರುವ ಜಾಗದಿಂದ ೩೦ ಸೆಂಟಿಮೀಟರಿನೊಳಗೆ ಭಾರ ಹೊರುವ ತಗಡು ತುಕ್ಕಿನಿಂದ ಬಲಗುಂದಿದ್ದರೆ ಆ ಕಾರು ತೇರ್ಗಡೆಯಾಗದು. ಅಂತಹ ಜಾಗಕ್ಕೆ ಪುಟ್ಟಿಯನ್ನಾಗಲಿ ರಿವೆಟ್ಟು ಬಡಿದ ತಗಡನ್ನಾಗಲಿ ಒಪ್ಪುವುದಿಲ್ಲ. ಎಡೆಬಿಡದ ವೆಲ್ಡಿಂಗೇ ಆಗಬೇಕು. ನಮ್ಮಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮನೆಬಳಕೆಯ ಕಾರಿನ ನೋಂದಣಿಗೆ ೧೫ ವರ್ಷಗಳ ಅವಧಿ. ಬಳಿಕ ಐದೈದು ವರ್ಷಕ್ಕೆ ನವೀಕರಣ. ಅದಕ್ಕಾಗಿ ಕಾರನ್ನು ಆರ್.ಟಿ.ಓ. ಕಛೇರಿಯಲ್ಲಿ ತೋರಿಸಬೇಕು. ಶುಲ್ಕವು ೨೦೨೨ರ ಏಪ್ರಿಲಿನಿಂದ ೬೦೦ ರೂಪಾಯಿಯಿಂದ ೫೦೦೦ಕ್ಕೆ ಏರಿತು. ೨೦ ವರ್ಷ ದಾಟಿದವುಗಳಿಗೆ ೨೦೨೫ರಲ್ಲಿ ಇನ್ನೂ ಹೆಚ್ಚಾಯಿತು. ತೋರಿಸುವ ದಿನಕ್ಕೆಂದು ಬಣ್ಣ ಹೊಡೆಸುವ ಪದ್ಧತಿ ಎಲ್ಲೆಲ್ಲಿಯೂ ಕಂಡುಬರುವುದು. ಅರ್ಹತೆಯ ಪತ್ರ ಕೈಗೆ ಬಂದರೂ ಕಾಲಡಿಯ ಹಾಸನ್ನು ಎತ್ತಿ ನೋಡುವ ಕೆಲಸವು ಮನೆಯ ಯಜಮಾನನದೇ.

ಒಡಲಿನ ಬಲಕ್ಕೆ ಇಷ್ಟು ಮಹತ್ವವೇಕೆಂದು ಸಂದೇಹವಿರುವವರಿಗೆ ೨೦೧೪ರ ಒಂದು ಪರೀಕ್ಷೆಯನ್ನು ನೆನಪಿಸುವೆವು. ಆ ವರ್ಷದ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ನಮ್ಮ ದೇಶದ ಐದು ಹೊಸ ಸಣ್ಣ ಕಾರುಗಳನ್ನು ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ಢಿಕ್ಕಿ ಹೊಡೆಸಿದ ಫಲಿತಾಂಶವನ್ನು ಪ್ರಕಟಿಸಿತು. ಗಾಳಿಚೀಲಗಳಿಲ್ಲದ ಆ ಐದೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಪಡೆದವು. ಆದರೆ ಎರಡರ ಒಡಲು ಭದ್ರವಾಗಿ ಉಳಿಯಿತು, ಮೂರರ ಒಡಲು ಕುಸಿಯಿತು. ಒಡಲು ನಿಂತ ಕಾರಿಗೆ ಗಾಳಿಚೀಲ ಸೇರಿಸಿದರೆ ರಕ್ಷಣೆ ದೊರೆಯುವುದು. ಒಡಲೇ ಕುಸಿಯುವ ಕಾರಿಗೆ ಚೀಲವಿದ್ದೂ ಪ್ರಯೋಜನ ಅಲ್ಪವೆಂದು ಪರೀಕ್ಷಕರ ಅಭಿಪ್ರಾಯ. ಹೊಸ ತಗಡಿನ ಪಾಡೇ ಇದಾದರೆ, ಕಂಬದ ಬುಡ ಕೊಳೆತ ಇಪ್ಪತ್ತು ವರ್ಷದ ಕಾರು ಎದುರಿನಿಂದ ಬರುವ ಜೀಪಿಗೆ ಸಿಕ್ಕರೆ ಒಳಗಿದ್ದವರ ಗತಿಯನ್ನು ವಿವರಿಸುವುದು ಬೇಡ.

ಉಡುಪಿಯ ವಾಚಕರಿಗೆ ನಮ್ಮ ಉತ್ತರ ಹೀಗಿದೆ. ಮಾತಾಡದೆ ಕೈಯಾಡಿಸಿದವರನ್ನು ನಂಬಿರಿ. ಆದರೆ ಅವರ ಮೌನದಲ್ಲಿಯೇ ತೃಪ್ತರಾಗಬೇಡಿರಿ. ಕಾರನ್ನು ಮೇಲೆತ್ತಿಸಿ, ಮ್ಯಾಟು ಹಾಸುಗಳನ್ನೆಲ್ಲ ತೆಗೆಸಿ, ನೀವೇ ಎದುರಿಗೆ ನಿಂತು ಸ್ಕ್ರೂಡ್ರೈವರಿನ ತುದಿಯಿಂದ ತೊಲೆಯ ಅಡಿಯನ್ನೂ ಕಂಬದ ಬುಡವನ್ನೂ ಚುಚ್ಚಿಸಿ ನೋಡಿರಿ. ರನ್ನಿಂಗ್ ಬೋರ್ಡಿನ ಹೊರತಗಡು ಮಾತ್ರ ಹೋಗಿ ಒಳತಗಡು ಗಟ್ಟಿಯಾಗಿದ್ದರೆ, ಕಂಬ ಅಲುಗದಿದ್ದರೆ, ಕಾರು ಬದುಕೀತು. ಆಗ ಮಾಡಿಸಬೇಕಾದುದು ಪುಟ್ಟಿಯ ಕೆಲಸವಲ್ಲ. ಗಟ್ಟಿ ಲೋಹ ಸಿಕ್ಕುವವರೆಗೆ ಕೊಳೆತದ್ದನ್ನು ಕತ್ತರಿಸಿ ತೆಗೆದು, ಮೂಲದ ದಪ್ಪಕ್ಕೆ ಕಡಿಮೆಯಿಲ್ಲದ ಹೊಸ ತಗಡನ್ನು ಸಿ.ಓ.೨ ವೆಲ್ಡಿಂಗಿನಿಂದ ಸುತ್ತಲೂ ಎಡೆಬಿಡದೆ ಬೆಸೆಯಬೇಕು. ಹಳೆಯ ಗ್ಯಾಸ್ ವೆಲ್ಡಿಂಗಿನ ಕಾವಿಗೆ ತೆಳು ತಗಡು ಸೊಟ್ಟಗಾಗುವುದು. ಕತ್ತರಿಸುವಾಗ ಒಡಲು ಬಾಗದಂತೆ ಅಡಿಗೆ ಸರಿಯಾದ ಆಧಾರ ಕೊಟ್ಟಿರಬೇಕು. ಬ್ಯಾಟರಿಯ ತಂತಿ ಕಳಚಿರಬೇಕು. ಹತ್ತಿರದಲ್ಲಿ ಪೆಟ್ರೋಲಿನ ಕೊಳವೆ ಹಾದಿದ್ದರೆ ಅದನ್ನು ಸರಿಸಿರಬೇಕು. ಬೆಸುಗೆಯಾದ ಮೇಲೆ ತೊಲೆಯ ಒಳಮೈಗೆ ಮೇಣದಂತಹ ತುಕ್ಕುನಿರೋಧಕವನ್ನು ಸಿಂಪಡಿಸದಿದ್ದರೆ, ಬೆಸುಗೆಯ ಬೆಂಕಿಗೆ ಬಣ್ಣ ಕಳೆದುಕೊಂಡ ಒಳಭಾಗವು ಮುಂದಿನ ಮಳೆಗಾಲದಲ್ಲಿಯೇ ತುಕ್ಕು ಹಿಡಿಯತೊಡಗುವುದು.

ಒಳತಗಡೂ ಹೋಗಿ, ಕಂಬದ ಬುಡವೂ ಹೋಗಿದ್ದರೆ ಆ ಕಾರನ್ನು ಅಲ್ಲಿಗೇ ನಿಲ್ಲಿಸಿರಿ. ನಿಮ್ಮ ಕಾಗದದಲ್ಲಿ ಬಾಗಿಲು ಜೋಲುವ ಮಾತಿರುವುದರಿಂದ ನಮಗೆ ಇದರ ಶಂಕೆಯೇ ಹೆಚ್ಚು; ಪರೀಕ್ಷೆಯಾಗುವ ತನಕ ತಾಯಿಯವರನ್ನು ಅದರಲ್ಲಿ ಕೂರಿಸಬೇಡಿರಿ. ಬಣ್ಣಕ್ಕೂ ನವೀಕರಣಕ್ಕೂ ತೆರಲಿದ್ದ ಹಣವನ್ನು ಆಸ್ಪತ್ರೆಯ ಆಟೋ ಬಾಡಿಗೆಗೆಂದು ತೆಗೆದಿಟ್ಟರೆ ಎಷ್ಟು ತಿಂಗಳು ಬರುವುದೆಂದು ಲೆಕ್ಕ ಹಾಕಿ ನೋಡಿರಿ. ಎಂಜಿನ್ನು ಚೆನ್ನಾಗಿದೆಯಲ್ಲಾ ಎಂಬ ಮರುಕ ಸಹಜ. ಇಂತಹ ಕಾರುಗಳಲ್ಲಿ ಮೈ ಮೊದಲು ಹೋಗಿ ಎಂಜಿನ್ನು ಕೊನೆಗೆ ಉಳಿಯುವುದೇ ಹೆಚ್ಚು. ಅದಕ್ಕೆ ಗಿರಾಕಿಗಳು ಸಿಕ್ಕುವರು.

ಇನ್ನೂ ಗಟ್ಟಿಯಾಗಿರುವ ಕಾರುಗಳ ಮಾಲೀಕರು ಮಾಡಬೇಕಾದುದು ಅಲ್ಪ. ಮಳೆ ಹಿಡಿಯುವ ಮೊದಲು ತೆಂಗಿನ ಪೊರಕೆಯ ಕಡ್ಡಿಯೊಂದರಿಂದ ಬಾಗಿಲುಗಳ ಅಡಿಯ ಮತ್ತು ರನ್ನಿಂಗ್ ಬೋರ್ಡಿನ ಅಡಿಯ ತೂತುಗಳನ್ನು ಬಿಡಿಸಬೇಕು. ಕಬ್ಬಿಣದ ತಂತಿ ಬೇಡ, ಅದು ಬಣ್ಣವನ್ನು ಗೀರುವುದು. ವೈಪರಿನ ಬುಡದ ಎಲೆಗಳನ್ನು ವಾರಕ್ಕೊಮ್ಮೆ ತೆಗೆಯಬೇಕು. ಸಮುದ್ರದ ದಂಡೆಗೆ ಹೋಗಿ ಬಂದ ದಿನ ಮೈಗಿಂತ ಮೊದಲು ಗಾಲಿಗಳ ಒಳಕಮಾನಿಗೂ ಅಡಿಗೂ ಸಿಹಿನೀರು ಹಾಯಿಸಬೇಕು. ಒದ್ದೆ ಕಾರಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಹೊದಿಸಿಡುವುದಕ್ಕಿಂತ ಗಾಳಿಯಾಡುವ ಚಪ್ಪರದಡಿ ಬರಿಮೈಯಲ್ಲಿ ನಿಲ್ಲಿಸುವುದು ಲೇಸು. ಬಿಸಿಲು ಬಿದ್ದ ದಿನ ಹಾಸುಗಳನ್ನು ಹಪ್ಪಳ ಸಂಡಿಗೆಗಳ ಜೊತೆಗೆ ಅಂಗಳದಲ್ಲಿ ಒಣಹಾಕಿದರೂ ಆದೀತು.

ಕಾರನ್ನು ಗುಜರಿಗೆ ಕೊಡುವುದೇ ನಿಶ್ಚಯವಾದವರು ತಿಳಿಯಬೇಕಾದ ಒಂದು ಸಂಗತಿ ಉಳಿದಿದೆ. ಬೀದಿಯ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟು ಆರ್.ಸಿ. ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡರೆ ಸರಕಾರದ ಲೆಕ್ಕದಲ್ಲಿ ಕಾರು ನಿಮ್ಮದಾಗಿಯೇ ಉಳಿಯುವುದು. ಅದರ ಸಂಖ್ಯೆಯನ್ನು ಬೇರೊಂದು ಗಾಡಿಗೆ ಅಂಟಿಸಿ ಯಾರಾದರೂ ಅನರ್ಥ ಮಾಡಿದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ. ೨೦೨೧ರ ನಿಯಮಗಳ ಪ್ರಕಾರ ನೋಂದಾಯಿತವಾದ ವಾಹನ ಒಡೆಯುವ ಕೇಂದ್ರಗಳಿಗೆ ಕೊಟ್ಟರೆ ಅಲ್ಲಿ ಠೇವಣಿ ಪತ್ರವೊಂದನ್ನು ಕೊಡುವರು. ಆ ಪತ್ರದ ಬಲದಿಂದ ಹೊಸ ಕಾರು ಕೊಳ್ಳುವಾಗ ನೋಂದಣಿ ಶುಲ್ಕದಲ್ಲಿ ವಿನಾಯಿತಿಯುಂಟು. ರಸ್ತೆ ತೆರಿಗೆಯಲ್ಲಿ ಶೇಕಡಾ ೨೫ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಹಳೆಯ ಕಾರಿನ ನೋಂದಣಿಯು ರದ್ದಾಯಿತೆಂಬ ಬರಹವನ್ನು ಆರ್.ಟಿ.ಓ. ಕಛೇರಿಯಿಂದ ಕೇಳಿ ಪಡೆದು, ಮನೆಯ ಇತರ ಪತ್ರಗಳ ಜೊತೆಗೆ ಇಟ್ಟುಕೊಳ್ಳತಕ್ಕದ್ದು.